ಪಟ್ಟರೆಯ ಹೆಂಗಸರು

ನೆಲದ ಮೇಲೆ ಕೂರುವುದು ನನಗೆ ಎಂದೂ ಕಷ್ಟವಾಗಿರಲಿಲ್ಲ. ಕಷ್ಟವೆಲ್ಲ ಏಳುವುದರಲ್ಲಿತ್ತು. ಐವತ್ತು ದಾಟಿದ ಮೇಲೆ ನೆಲದಿಂದ ಏಳಬೇಕಾದರೆ ನನಗೆ ಒಂದು ಗೋಡೆ, ಒಂದು ಕುರ್ಚಿ, ಒಬ್ಬ ಗಂಡ ಇಷ್ಟೂ ಬೇಕಾಗುತ್ತಿತ್ತು. ಈ ಮೂರರಲ್ಲಿ ಗೋಡೆಯೇ ಹೆಚ್ಚು ನಂಬಿಕಸ್ಥ. ಅದು ಯಾವತ್ತೂ ಕೈ ಕೊಟ್ಟಿಲ್ಲ.

ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಪೂಜೆಗೋ ನಾಮಕರಣಕ್ಕೋ ಹೋದಾಗ "ಮಂಡಿನೋವು" ಎಂದುಬಿಡುತ್ತಿದ್ದೆ. ಮಂಡಿ ಪಾಪ ಗಟ್ಟಿಯಾಗಿಯೇ ಇತ್ತು. ಆದರೆ ನಮ್ಮ ಕೊಯಮತ್ತೂರಿನಲ್ಲಿ ಮಂಡಿನೋವಿಗೆ ಬಹಳ ಮರ್ಯಾದೆ. ಹೆಸರು ಹೇಳಿದ ತಕ್ಷಣ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ಬಂದು ನಿಲ್ಲುತ್ತದೆ. ಅದರ ಮೇಲೆ ಕುಳಿತು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಎಂಬತ್ತರ ಮುದುಕಿಯರ ನೆತ್ತಿಗಳನ್ನು ಮೇಲಿನಿಂದ ನೋಡುತ್ತಾ ನಾನು ಎಷ್ಟೋ ಮಂಗಳಾರತಿಗಳನ್ನು ತೆಗೆದುಕೊಂಡಿದ್ದೇನೆ.

ಗುಟ್ಟು ರಟ್ಟಾದದ್ದು ಶಾಲೆಯ ಪ್ರಯೋಗಾಲಯದಲ್ಲಿ. ನಾನು ಹನ್ನೊಂದು, ಹನ್ನೆರಡನೆಯ ತರಗತಿಯ ಹುಡುಗಿಯರಿಗೆ ಭೌತಶಾಸ್ತ್ರ ಕಲಿಸುವವಳು. ಒಂದು ದಿನ ಸ್ಕ್ರೂ ಗೇಜ್ ಕೈಜಾರಿ ಉರುಳಿಕೊಂಡು ಮೇಜಿನ ಕೆಳಗೆ ಸೇರಿತು. ನಾನು ಗಂಭೀರವಾಗಿ ಕುಕ್ಕರಗಾಲಿನಲ್ಲಿ ಕುಳಿತು ಅದನ್ನು ಹುಡುಕಿ ತೆಗೆದೆ. ಅಷ್ಟೇ. ಆಮೇಲೆ ಏಳಲಾಗಲಿಲ್ಲ. ಮೇಜಿನ ಅಂಚು ಹಿಡಿದರೆ ಮೇಜೇ ನನ್ನ ಕಡೆಗೆ ಬಂತು. ನಲವತ್ತು ಹುಡುಗಿಯರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ನಿಶ್ಚಲ ಸ್ಥಿತಿಯಲ್ಲಿರುವ ವಸ್ತು ನಿಶ್ಚಲವಾಗಿಯೇ ಉಳಿಯಲು ಬಯಸುತ್ತದೆ, ಬರೆದುಕೊಳ್ಳಿ" ಎಂದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ಸಾಲಿನ ಇಬ್ಬರು ಬಂದು ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದರು. ಸಂಜೆ ಆಟೋದಲ್ಲಿ ಮನೆಗೆ ಬರುವಾಗ ಮಾತ್ರ, ನಗು ಎಲ್ಲಿ ಹೋಯಿತೋ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತೆ. ಬಲ, ಕೆಲಸ, ಶಕ್ತಿ ಎಂದು ಇಪ್ಪತ್ತಾರು ವರ್ಷ ಪಾಠ ಹೇಳಿದವಳು ಉತ್ತರಪತ್ರಿಕೆಯ ಕಟ್ಟಿಗಿಂತ ಭಾರವಾದದ್ದನ್ನು ಎತ್ತಿಯೇ ಇರಲಿಲ್ಲ.

ನಮ್ಮ ಮನೆ ಇರುವುದು ಗಣಪತಿಯಲ್ಲಿ. ಬೆಂಗಳೂರಿನ ನೆಂಟರಿಗೆ ಹೀಗೆ ಹೇಳಿದರೆ ದೇವಸ್ಥಾನದಲ್ಲಿ ಇದ್ದೇವೆಂದು ತಿಳಿದು ಕೈಮುಗಿಯುತ್ತಾರೆ. ಇದು ಕೊಯಮತ್ತೂರಿನ ಒಂದು ಬಡಾವಣೆ. ಇಲ್ಲಿ ಬೆಳಗ್ಗೆ ಸುಪ್ರಭಾತದ ಜೊತೆಗೇ ಲೇತ್ ಯಂತ್ರಗಳ ಸದ್ದು ಶುರುವಾಗುತ್ತದೆ. ಪಂಪ್‌ಸೆಟ್‌ಗಳ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪ್‌ಗಳು ಬೀದಿಗೆ ಹತ್ತು. ತಮಿಳಿನಲ್ಲಿ ವರ್ಕ್‌ಶಾಪ್‌ಗೆ ಪಟ್ಟರೈ ಎನ್ನುತ್ತಾರೆ. ನಮ್ಮ ಮನೆಗನ್ನಡದಲ್ಲಿ ಅದು ಪಟ್ಟರೆಯಾಗಿದೆ. ನಮ್ಮ ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಅಂಥದೊಂದು ಪಟ್ಟರೆಯಲ್ಲಿ ಹೆಂಗಸರು ಬೆಳಗ್ಗೆ ಐದೂವರೆಗೆ ಕಬ್ಬಿಣ ಎತ್ತುತ್ತಾರಂತೆ ಎಂದು ಹಾಲು ತರಲು ಹೋದ ನಮ್ಮವರೇ ಸುದ್ದಿ ತಂದರು. "ಸೊಂಟ ಹಿಡಿಸ್ಕೊಳ್ಳೋಕೆ ಕಾಸು ಬೇರೆ ಕೊಡ್ತಾರೆ" ಎಂದು ನಕ್ಕರು. ಅವರು ಪಂಪ್ ವಿನ್ಯಾಸ ಮಾಡುವ ಎಂಜಿನಿಯರು. ನೀರನ್ನು ಮೇಲೆತ್ತುವುದು ಬಿಟ್ಟರೆ ಬೇರೆ ಯಾವ ಎತ್ತುವಿಕೆಯಲ್ಲೂ ಅವರಿಗೆ ನಂಬಿಕೆಯಿಲ್ಲ. ಮರುದಿನ ನಾನೇ ಹಾಲಿಗೆ ಹೊರಟೆ. ಹಾಲು ತಂದದ್ದು ಏಳು ಗಂಟೆಗೆ.

ಪಟ್ಟರೆಯನ್ನು ನಡೆಸುವವಳು ಮಲರ್‌ವಿಳಿ. ಮೂವತ್ತೈದರ ಹೆಂಗಸು. ಪಟ್ಟರೆ ಅವಳ ತಂದೆಯದು. ಕಾಲೇಜಿನಲ್ಲಿದ್ದಾಗ ವೇಟ್‌ಲಿಫ್ಟಿಂಗ್‌ನಲ್ಲಿ ಜಿಲ್ಲೆಗೆ ಆಡಿದ್ದಳು; ಮದುವೆಯಾದ ಮೇಲೆ ಬಿಟ್ಟಿದ್ದಳು; ತಂದೆ ತೀರಿಕೊಂಡು ಯಂತ್ರಗಳು ಮಾರಿಹೋದಾಗ ಖಾಲಿ ಶೆಡ್‌ನಲ್ಲಿ ನಿಂತು, ಇಲ್ಲಿ ಇನ್ನೂ ಕಬ್ಬಿಣವೇ ಇರಲಿ ಎಂದು ತೀರ್ಮಾನಿಸಿದಳಂತೆ. ಗೋಡೆಗೆ ಇನ್ನೂ ಗ್ರೀಸಿನ ವಾಸನೆ ಇದೆ. ಎಲ್ಲರೂ ಅವಳನ್ನು ಮಾಸ್ಟರ್ ಎನ್ನುತ್ತಾರೆ. ಅವಳು ನನ್ನನ್ನು ಟೀಚರ್ ಎನ್ನುತ್ತಾಳೆ. ಹೀಗಾಗಿ ನಾವಿಬ್ಬರು ಮಾತಾಡುವಾಗ ಯಾರು ಯಾರಿಗೆ ಪಾಠ ಹೇಳುತ್ತಿದ್ದಾರೆಂದು ಹೊಸಬರಿಗೆ ತಿಳಿಯುವುದಿಲ್ಲ.

ನಮ್ಮ ಕಡೆಯ ತಮಿಳಿನ ಒಂದು ಸೊಗಸು ನಿಮಗೆ ಹೇಳಬೇಕು. ಇಲ್ಲಿ ಯಾವ ಮಾತಿಗಾದರೂ ಕೊನೆಯಲ್ಲಿ ಒಂದು 'ಂಗ' ಸೇರಿಸಿದರೆ ಮರ್ಯಾದೆಯಾಗುತ್ತದೆ, ಬೈಗುಳಕ್ಕೂ ಸಹ. ಮೊದಲ ವಾರ ನಾನು ಖಾಲಿ ಸರಳನ್ನು ಹಿಡಿದು ಪರದಾಡುತ್ತಿದ್ದಾಗ ಮಾಸ್ಟರ್ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಎನ್ನಂಗ ಟೀಚರ್, ಕೋಳಿಕುಂಜು ಮಾದಿರಿ ತೂಕ್ಕುರೀಂಗ?" ಎಂದಳು. ಕೋಳಿಮರಿ ಎತ್ತಿದ ಹಾಗೆ ಎತ್ತುತ್ತಿದ್ದೀರಲ್ಲ ಎಂದು. ಬೈಸಿಕೊಂಡದ್ದು ಹೌದು, ಆದರೆ ಎಷ್ಟು ಗೌರವದಿಂದ!

ನಾನು ಸುಮ್ಮನಿರಲಾರದೆ ಸನ್ನೆಕೋಲಿನ ಸಿದ್ಧಾಂತ ತೆಗೆದೆ. ಸರಳು ಮೈಗೆ ಹತ್ತಿರವಿದ್ದಷ್ಟೂ ಬೆನ್ನಿನ ಮೇಲಿನ ತಿರುಗುಬಲ ಕಡಿಮೆಯಾಗುತ್ತದೆ, ಆದ್ದರಿಂದ ಎಂದು ಶುರುಮಾಡಿದೆ. ಅವಳು ಕೊನೆಯವರೆಗೂ ಕೇಳಿ, "ಗೊತ್ತಿದೆಯಲ್ಲ? ಹಾಗಾದ್ರೆ ಹತ್ತಿರ ಹಿಡೀರಿ" ಎಂದಳು. ಇಪ್ಪತ್ತಾರು ವರ್ಷದ ಪಾಠದಲ್ಲಿ ಅಷ್ಟು ಚಿಕ್ಕ ಉತ್ತರವನ್ನು ನಾನು ಯಾರಿಗೂ ಕೊಟ್ಟಿರಲಿಲ್ಲ. ಹತ್ತಿರ ಹಿಡಿದೆ. ಸರಳು ಮೇಲೆ ಬಂತು. "ಈಗ ಮೂಚ್ಚು ವಿಡುಂಗ" ಎಂದಳು, ಉಸಿರು ಬಿಡಿ ಎಂದು.

ಮೂರನೆಯ ತಿಂಗಳಲ್ಲಿ ಒಂದು ದಿನ ಮನೆಯಲ್ಲಿ ನೆಲದ ಮೇಲೆ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು, ಕುಕ್ಕರ್ ಕೂಗಿತೆಂದು ಎದ್ದು ಹೋದೆ. ಒಲೆಯ ಮುಂದೆ ನಿಂತ ಮೇಲೆ ನೆನಪಾಯಿತು, ನಾನು ಏನನ್ನೂ ಹಿಡಿದುಕೊಂಡಿರಲಿಲ್ಲ. ಗೋಡೆಗೆ ಬೇಸರವಾಗಿರಬೇಕು.

ನಮ್ಮ ಭಾಷೆಯಲ್ಲಿ ಮೈಗೆ ಎಷ್ಟು ಮಾತುಗಳಿವೆ ನೋಡಿ. ಕೆಲಸದಿಂದ ಜಾರಿಕೊಳ್ಳುವವನು ಮೈಗಳ್ಳ. ಸಂತೋಷವಾದರೆ ಮೈಮರೆಯುತ್ತೇವೆ. ನಾಚಿಕೆ ಬಿಟ್ಟರೆ ಅದು ಮೈಚಳಿ ಬಿಟ್ಟಂತೆ. ಹುಡುಗಿ ದೊಡ್ಡವಳಾದರೆ ಮೈನೆರೆದಳು. ಆ ಕೊನೆಯ ಮಾತಿನ ದಿನದಿಂದ ನಮಗೆ ಹೇಳಿಕೊಟ್ಟದ್ದೆಲ್ಲ ಮೈಯನ್ನು ಮುಚ್ಚುವ, ಬಗ್ಗಿಸುವ, ಮೂಲೆಗೆ ಸರಿಸುವ ಕೆಲಸ. ಮೈಯನ್ನು ಮುಚ್ಚಲು ಕಲಿಸಿದವರು ಹತ್ತು ಜನ ಇದ್ದರು. ಅದನ್ನು ಬಳಸಲು ಕಲಿಸಿದವರು ಒಬ್ಬರೂ ಇರಲಿಲ್ಲ. ಪಟ್ಟರೆಗೆ ಬರುವ ಹದಿನಾಲ್ಕು ಹೆಂಗಸರಲ್ಲಿ ಹೆಚ್ಚಿನವರು ಮೊದಲ ದಿನ ಕೈಗಳನ್ನು ಎದೆಗೆ ಕಟ್ಟಿಕೊಂಡೇ ನಿಂತವರು. ನಾನೂ ಹಾಗೆಯೇ ನಿಂತಿದ್ದೆ. ಕೈ ಕಟ್ಟಿಕೊಂಡು ಭಾರ ಎತ್ತಲು ಬರುವುದಿಲ್ಲ ಎಂಬುದೇ ಈ ವ್ಯಾಯಾಮದ ದೊಡ್ಡ ಉಪಕಾರ.

ಅವರಲ್ಲೊಬ್ಬಳ ಕೈ ಮಾತ್ರ ಬಹಳ ದಿನ ಬಿಚ್ಚಲೇ ಇಲ್ಲ. ಎತ್ತುವ ಸರದಿ ಬಂದಾಗ ಬಂದು ಎತ್ತಿ, ಮತ್ತೆ ಹಿಂದಿನ ಕಂಬದ ಮರೆಗೆ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದಳು. ಎತ್ತರದ, ಭರ್ತಿ ಮೈಯ ಹೆಂಗಸು. ಚೂಡಿದಾರದ ಮೇಲೆ ಒಂದು ಹಳೆಯ ದೊಗಲೆ ಶರ್ಟು. ನಾವು ನಲವತ್ತು ಕಿಲೋಗೆ ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದರೆ ಇವಳು ಅರವತ್ತನ್ನು ನೀರಿನ ಕೊಡದಂತೆ ಎತ್ತಿ, ಯಾರಾದರೂ ನೋಡಿದರೋ ಎಂದು ಸುತ್ತ ನೋಡಿ, ತಪ್ಪು ಮಾಡಿದವಳಂತೆ ಇಳಿಸುತ್ತಿದ್ದಳು. ಹೆಸರು ಸೌಡಮ್ಮ ಎಂದಷ್ಟೇ ಗೊತ್ತಿತ್ತು.

ಒಂದು ಬೆಳಗ್ಗೆ ಮಾಸ್ಟರ್ ಎಲ್ಲರೂ ಗಟ್ಟಿಯಾಗಿ ಎಣಿಸಲೇಬೇಕೆಂದು ಹಟ ಹಿಡಿದಳು. ಸೌಡಮ್ಮನ ಸರದಿ ಬಂತು. ಅವಳು ಎಲ್ಲರಂತೆ ಒಣ್ಣು, ರೆಂಡು ಎಂದು ತಮಿಳಿನಲ್ಲಿ ಎಣಿಸತೊಡಗಿದಳು. ಆರು, ಏಳು. ಇವೆರಡೂ ತಮಿಳಿಗೂ ಕನ್ನಡಕ್ಕೂ ಒಂದೇ. ಏಳರ ಹೊತ್ತಿಗೆ ಉಸಿರು ಸಾಲದಾಗಿತ್ತು. ಮುಂದಿನ ಸಲ ಸರಳು ಮೇಲೆ ಬಂದಾಗ ಅವಳ ಬಾಯಿಂದ ಬಂದದ್ದು "ಎಂಟು". ತಮಿಳಿನ 'ಎಟ್ಟು' ಅಲ್ಲ, ನಮ್ಮ ಎಂಟು. ಆಮೇಲೆ ಒಂಬತ್ತು, ಹತ್ತು. ನಾನು ನನ್ನ ಸರಳು ಬಿಟ್ಟು ಅವಳ ಹತ್ತಿರ ಓಡಿದೆ.

"ನೀವು ಕನ್ನಡದವರಾ?"

ಅವಳು ಬೆವರೊರೆಸಿಕೊಳ್ಳುತ್ತಾ ಗಾಬರಿಯಿಂದ ಹೌದೆಂದು ತಲೆಯಾಡಿಸಿ, "ಆಮಾ ಅಕ್ಕ. ಏನಾನ ತಪ್ಪಾಯ್ತಾ?" ಎಂದಳು.

ತಪ್ಪೇನೂ ಆಗಿರಲಿಲ್ಲ. ಆರು ತಿಂಗಳು ಒಂದೇ ಶೆಡ್‌ನಲ್ಲಿ ತಮಿಳಿನಲ್ಲಿ ಬನ್ನಿ, ಹೋಗಿ ಎಂಬುದಕ್ಕೆ 'ವಾಂಗ, ಪೋಂಗ' ಎಂದುಕೊಂಡಿದ್ದ ಇಬ್ಬರು ಕನ್ನಡದ ಹೆಂಗಸರು ಒಬ್ಬರನ್ನೊಬ್ಬರು ಕಂಡುಕೊಂಡಿದ್ದೆವು, ಅಷ್ಟೇ. ಅವಳದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರರ ಮನೆ. ಅವಳ ಗಂಡ ರಾಮಲಿಂಗಂ ಮನೆಯಲ್ಲೇ ಎರಡು ಕೈಮಗ್ಗ ಇಟ್ಟುಕೊಂಡಿದ್ದ. ಒಂದರಲ್ಲಿ ಅವನು, ಇನ್ನೊಂದರಲ್ಲಿ ಇವಳು. ಕನ್ನಡ ಮನೆಯ ಮಾತು. ಅದನ್ನು ಓದಲು ಬರೆಯಲು ಬಾರದು, ಶಾಲೆಯಲ್ಲಿ ಕಲಿತದ್ದು ತಮಿಳು. ನನಗೆ ಅಪ್ಪ ಬೇಸಿಗೆ ರಜೆಯಲ್ಲಿ ಸ್ಲೇಟು ಕೊಟ್ಟು ಅಕ್ಷರ ತಿದ್ದಿಸಿದ್ದರು, ಹಾಗಾಗಿ ಬರುತ್ತದೆ. "ನಿಮ್ಮ ಕನ್ನಡ ರೇಡಿಯೋ ಮಾದಿರಿ ಇದೆ ಅಕ್ಕ" ಎಂದು ಅವಳು ಮೆಚ್ಚಿದಳು. ಅಂದಿನಿಂದ ಕಂಬದ ಮರೆಯಲ್ಲಿ ನಾವಿಬ್ಬರು. ಹದಿನೈದು ದಿನದಲ್ಲಿ ಅವಳು ಕಂಬ ಬಿಟ್ಟು ಈಚೆ ಬಂದಳು. ತಿಂಗಳಾದ ಮೇಲೆ ಹೊಸಬಳೊಬ್ಬಳಿಗೆ "ಬಯಪ್ಪಡಾದೀಂಗ", ಹೆದರಬೇಡಿ, ಎಂದು ಧೈರ್ಯ ಹೇಳುವುದನ್ನು ಕೇಳಿಸಿಕೊಂಡೆ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆಯಲ್ಲಿ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಆದರೆ ಮೇಷ್ಟರಿಕೆ ಎಂಬುದು ಕೆಟ್ಟ ಅಭ್ಯಾಸ. ಚೆನ್ನಾಗಿ ಬರೆದ ಉತ್ತರ ಕಂಡರೆ ಇಡೀ ತರಗತಿಗೆ ಎತ್ತಿ ತೋರಿಸಬೇಕು ಎನಿಸುತ್ತದೆ; ಬರೆದವಳು ಮುಖ ಮುಚ್ಚಿಕೊಂಡರೂ ಬಿಡುವುದಿಲ್ಲ. ಸೌಡಮ್ಮ ಮೊದಲ ಸಲ ಎಂಬತ್ತು ಕಿಲೋ ಎತ್ತಿದ ದಿನ ನಾನು ಫೋನಿನಲ್ಲಿ ವಿಡಿಯೋ ತೆಗೆದೆ. ಅದನ್ನು "ನಮ್ಮ ಸೌಡಮ್ಮ" ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಹಾಕಲೇ ಎಂದು ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ. ಫೋನು ಎತ್ತಲಿಲ್ಲ. ನಾಲ್ಕನೆಯ ದಿನ ಮಾಸ್ಟರ್‌ಗೆ ಯಾರಿಂದಲೋ ಸುದ್ದಿ ಬಂತು. ನನ್ನ ಸ್ಟೇಟಸ್ ನೋಡಿದ ಯಾರೋ ಅದನ್ನು ಸೌಡಮ್ಮನ ನೇಕಾರ ಜನರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರು. ಅದರ ಕೆಳಗೆ ಗಂಡಸರು ತಮಾಷೆ ಬರೆದಿದ್ದರು. ರಾಮಲಿಂಗಣ್ಣ ಇನ್ನು ಮನೆಯಲ್ಲಿ ಹುಷಾರಾಗಿರಬೇಕು, ಬಾಗಿಲು ಮುರಿದರೆ ರಿಪೇರಿ ಯಾರು ಮಾಡುತ್ತಾರೆ, ಇಂಥವು. ಮಾಸ್ಟರ್ ನನ್ನನ್ನು ಬೈಯಲಿಲ್ಲ. "ಏಳು ತಿಂಗಳು ಬೇಕಾಯ್ತು ಟೀಚರ್, ಅವರು ಆ ಕಂಬ ಬಿಟ್ಟು ಬರೋಕೆ" ಎಂದಷ್ಟೇ ತಮಿಳಿನಲ್ಲಿ ಹೇಳಿದಳು. ಕೊನೆಯಲ್ಲಿ 'ಂಗ' ಇರಲಿಲ್ಲ.

ನಾನು ಸ್ಟೇಟಸ್ ಅಳಿಸಿದೆ. ಅಳಿಸಿದ್ದರಿಂದ ಏನೂ ಆಗಲಿಲ್ಲ. ಭಾನುವಾರ ಬೆಳಗ್ಗೆ ಸೌಡಮ್ಮನ ಮನೆಗೆ ಹೊರಟೆ. ಮಾಸ್ಟರ್ ತಾನೂ ಬರುತ್ತೇನೆಂದಳು. ಬೇಡ, ತಪ್ಪು ನನ್ನದು ಎಂದೆ. ದಾರಿಯುದ್ದಕ್ಕೂ ಕ್ಷಮೆಯ ಭಾಷಣವನ್ನು ಬಾಯಿಪಾಠ ಮಾಡುತ್ತಾ ನಡೆದೆ.

ಉದ್ದನೆಯ ಹಳೆಯ ಮನೆ. ಒಳಗೆ ಮಗ್ಗದ ಟಕಟಕ. ಬಾಗಿಲ ಬಳಿ ಎಂಬತ್ತು ದಾಟಿದ ಅಜ್ಜಿಯೊಬ್ಬಳು, ಸೌಡಮ್ಮನ ಅತ್ತೆ, ರಾಟೆಯ ಮುಂದೆ ಕುಳಿತು ನೂಲು ಸುತ್ತುತ್ತಿದ್ದಳು. ನನ್ನನ್ನು ಕಂಡು ಸೌಡಮ್ಮ, ನೂಲು ಮುಗಿದು ಖಾಲಿಯಾಗಿದ್ದ ತನ್ನ ಮಗ್ಗದ ಬಳಿಯಿಂದ ಎದ್ದವಳು ಅಲ್ಲೇ ನಿಂತಳು. ರಾಮಲಿಂಗಂ ಮಗ್ಗ ನಿಲ್ಲಿಸಿ, "ಬನ್ನಿ ಟೀಚರಮ್ಮ, ಕುಂತ್ಕೊಳ್ಳಿ" ಎಂದು ಚಾಪೆ ಹಾಸಿದ. ಸಣ್ಣ ಆಳು, ಬಹಳ ಮೆತ್ತಗಿನ ದನಿ. ನಾನು ಬೇರೆ ಯಾರನ್ನೋ ಊಹಿಸಿಕೊಂಡು ಬಂದಿದ್ದೆ.

ಕುಳಿತು ಗಂಟಲು ಸರಿಮಾಡಿಕೊಂಡು ಆರಂಭಿಸಿದೆ: "ತಮ್ಮ ಪತ್ನಿಯವರ ಅನುಮತಿಯನ್ನು ಪಡೆಯದೆ ನಾನು ಎಸಗಿದ ಈ ಪ್ರಮಾದಕ್ಕಾಗಿ..."

ರಾಟೆ ನಿಂತಿತು. ಅಜ್ಜಿ ಮಗನ ಕಡೆ ತಿರುಗಿ, "ಏನು ಓದ್ತಾ ಇದ್ದಾಳೆ ಇವಳು?" ಎಂದಳು.

ನನ್ನ ಭಾಷಣ ಅಲ್ಲಿಗೆ ಮುಗಿಯಿತು. "ತಪ್ಪಾಯ್ತು" ಎಂದೆ. "ಕೇಳದೆ ಹಾಕ್ಬಿಟ್ಟೆ. ನನಗೆ ಹೆಮ್ಮೆಯಾಗಿತ್ತು. ಆದರೆ ಅದು ನನ್ನ ವಿಡಿಯೋ ಅಲ್ಲ, ಅವಳದು."

ರಾಮಲಿಂಗಂ ಸಾಕೆನ್ನುವಂತೆ ಕೈಯಾಡಿಸಿದ. "ವಿಡಿಯೋ ವಿಷಯ ಬಿಡಿ ಟೀಚರಮ್ಮ. ಜನ ಎರಡು ದಿನ ನಗ್ತಾರೆ, ಮೂರನೇ ದಿನ ಬೇರೆ ಯಾರೋ ಸಿಗ್ತಾರೆ. ನನಗೆ ಕಷ್ಟ ಆಗಿದ್ದು ಅದಲ್ಲ. ಏಳು ಮಾಸ ಇವಳು ದಿನಾ ಬೆಳಗ್ಗೆ ಕೋವಿಲ್‌ಗೆ ಹೋಯ್ತೀನಿ ಅಂತ ಹೇಳಿ ಹೋದಳು. ನಾನು ನಂಬಿದೆ. ದಿನಾ ಹೋಗ್ತಾಳಲ್ಲ, ಸಾಮಿ ಹತ್ತಿರ ಏನು ಕೇಳ್ಕೊಳ್ತಾಳೋ, ಮನಸಲ್ಲಿ ಏನು ಕಷ್ಟವೋ ಅಂತ ಇಲ್ಲಿ ಕುಂತು ಯೋಚನೆ ಮಾಡ್ದೆ. ಕೇಳಿದ್ರೆ ಅಳ್ತಾಳೇನೋ ಅಂತ ಕೇಳಲೂ ಇಲ್ಲ."

ನಾನು ಸೌಡಮ್ಮನನ್ನು ನೋಡಿದೆ. ಈ ದೇವಸ್ಥಾನದ ಸಂಗತಿ ನನಗೂ ಹೊಸದು.

"ಹೇಳಿದ್ರೆ ನೀವು ನಗ್ತಿದ್ರಿ" ಎಂದಳು ಅವಳು, ನಿಂತಲ್ಲಿಂದಲೇ.

"ನಾನಾ?"

"ಆಮಾ, ನೀವೇ. ಮದುವೆ ಆದ ವರ್ಷ ಹೊಸ ಪಾವು ಸುತ್ತಿದ ಮರ ಬಂದಿತ್ತು. ನೀವು ಆಚೆ ಹೋಗಿದ್ರಿ. ಬರೋದರೊಳಗೆ ನಾನೇ ಎತ್ತಿ ಮಗ್ಗಕ್ಕೆ ಹಾಕ್ದೆ. ಮೆಚ್ಚಿಕೊಳ್ತೀರಿ ಅಂತ. ಬಂದು ನೋಡಿ, ಆಂಬಳೆಯನ್ನ ಕಟ್ಟಿಕೊಂಡಿದ್ದೀನಲ್ಲೋ ಅಂತ ಬೀದಿಗೇ ಕೇಳೋ ಹಂಗೆ ನಕ್ಕಿದ್ರಿ. ಅವತ್ತಿಂದ ನಿಮ್ಮ ಮುಂದೆ ನಾನು ಏನೂ ಎತ್ತಿಲ್ಲ."

ಪಾವು ಎಂದರೆ ಮಗ್ಗಕ್ಕೆ ಹಾಸುವ ಉದ್ದನೆಯ ನೂಲು. ಅದನ್ನು ಸುತ್ತಿದ ಮರದ ದಿಂಡು ಇಬ್ಬರು ಹಿಡಿದು ಏರಿಸುವಷ್ಟು ಭಾರ. ಆಂಬಳೆ ಎಂದರೆ ಗಂಡಸು. ನಾನು ಎದ್ದುಹೋಗಬೇಕೋ ಕುಳಿತಿರಬೇಕೋ ತಿಳಿಯದೆ ಚಾಪೆಯ ಅಂಚಿನ ಕಡ್ಡಿಗಳನ್ನು ಎಣಿಸುತ್ತಿದ್ದೆ.

"ನಕ್ಕಿದ್ದೆ" ಎಂದ ರಾಮಲಿಂಗಂ. "ನೆನಪಿದೆ. ಆಮೇಲೆ ಇಪ್ಪತ್ತೆರಡು ವರ್ಷ ಪಾವು ಏರಿಸೋಕೆ ನನ್ನ ತಮ್ಮನ್ನ ಕರೀತಾ ಇದ್ದೀನಿ. ನೀನು ಮತ್ತೆ ಮುಟ್ಟಲಿಲ್ಲ, ಇನ್ನು ನಿನಗೆ ಆಗಲ್ಲ ಅಂದ್ಕೊಂಡಿದ್ದೆ."

"ಆಗ್ತಿತ್ತು" ಎಂದಳು ಸೌಡಮ್ಮ.

ಆಗ ಅಜ್ಜಿ ರಾಟೆಯನ್ನು ಪಕ್ಕಕ್ಕೆ ತಳ್ಳಿದಳು. ಗೋಡೆಗೆ ಒರಗಿಸಿದ್ದ ಹೊಸ ಪಾವಿನ ದಿಂಡನ್ನು ಗದ್ದದಿಂದಲೇ ತೋರಿಸಿ, "ಶರಿ, ಈಗ ಎತ್ತು, ನೋಡಾಣ" ಎಂದಳು.

ಸೌಡಮ್ಮ ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಾಲು ಅಗಲಿಸಿ ನಿಂತು, ಬೆನ್ನು ನೇರ ಮಾಡಿ, ಮಾಸ್ಟರ್ ಕಲಿಸಿದ ಹಾಗೆಯೇ ಉಸಿರು ತುಂಬಿಕೊಂಡು ದಿಂಡನ್ನು ಮೈಗೆ ಹತ್ತಿರ ಎಳೆದು ಎತ್ತಿದಳು. ಹೊತ್ತುಕೊಂಡು ನಾಲ್ಕು ಹೆಜ್ಜೆ ನಡೆದು ತನ್ನ ಮಗ್ಗದ ಹಿಂದಿನ ಗೂಟಗಳ ಮೇಲೆ ಸದ್ದಿಲ್ಲದೆ ಕೂರಿಸಿದಳು. ಒಂದು ನೂಲೂ ಅಲುಗಲಿಲ್ಲ.

ಯಾರೂ ನಗಲಿಲ್ಲ. ಅಜ್ಜಿ ಮತ್ತೆ ರಾಟೆಯನ್ನು ಎಳೆದುಕೊಂಡು, ಯಾರಿಗೂ ಹೇಳದವಳಂತೆ, "ನಾನೂ ಎತ್ತುತಿದ್ದೆ. ಇವರಪ್ಪ ಮನೇಲಿ ಇಲ್ಲದಾಗ" ಎಂದಳು.

ಸೋಮವಾರ ಐದೂವರೆಗೆ ಸೌಡಮ್ಮ ಪಟ್ಟರೆಯ ಬಾಗಿಲಲ್ಲಿದ್ದಳು. ರಾಮಲಿಂಗಂ ಸೈಕಲ್ಲಿನಲ್ಲಿ ಬಿಟ್ಟು ಹೋದನಂತೆ. ಬರುವಾಗ ಹಿಂದೆ ಕೂತವಳಿಗಿಂತ ತುಳಿದವನಿಗೇ ಹೆಚ್ಚು ವ್ಯಾಯಾಮವಾಯಿತೆಂದು ಅವಳೇ ಹೇಳಿ ನಕ್ಕಳು.

ಆ ತಿಂಗಳ ಕೊನೆಗೆ ತಿರುಪ್ಪೂರಿನಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಭಾರ ಎತ್ತುವ ಸ್ಪರ್ಧೆ ಇದೆಯೆಂದು ಮಾಸ್ಟರ್ ಹೇಳಿದಳು. ಸೌಡಮ್ಮನನ್ನು ಕಳಿಸಬೇಕೆಂಬುದು ಅವಳ ಆಸೆ. ಸೌಡಮ್ಮ, "ಟೀಚರಕ್ಕ ಬಂದರೆ ನಾನು ಬರ್ತೀನಿ" ಎಂದಳು. ನೋಡುವುದಕ್ಕೆ ತಾನೇ ಎಂದು ನಾನು ಉದಾರವಾಗಿ ಒಪ್ಪಿದೆ. "ಎತ್ತೋದಕ್ಕೆ" ಎಂದಳು. ನನ್ನ ತಪ್ಪಿಗೆ ಅವಳು ಹಾಕಿದ ದಂಡ ಅದೆಂದು ನನಗೆ ಈಗಲೂ ಅನುಮಾನ.

ಸ್ಪರ್ಧೆ ನಡೆದದ್ದು ಒಂದು ಕಲ್ಯಾಣಮಂಟಪದಲ್ಲಿ. ವಧೂವರರು ಕೂರುವ ವೇದಿಕೆಯ ಮೇಲೆ ಸರಳು, ಬಿಲ್ಲೆಗಳು. ಉಡುಪು ಎಂದರೆ ತೋಳಿಲ್ಲದ, ಮೈಗೆ ಅಂಟುವ ಒಂದು ಬನಿಯನ್ನಿನಂಥ ಸೂಟು; ಒಳಗೆ ಟೀ ಶರ್ಟು ಹಾಕಿಕೊಳ್ಳಬಹುದು. ಅದನ್ನು ತೊಟ್ಟು ಕನ್ನಡಿ ನೋಡಿಕೊಂಡಾಗ ನನಗೆ ಹೊದಿಕೆ ಬಿಗಿಯಾದ ದಿಂಬಿನ ನೆನಪಾಯಿತು. ಹೊರಗೆ ಬಂದು ನೋಡಿದರೆ ಮಂಟಪದ ತುಂಬ ದಿಂಬುಗಳೇ. ಅಲ್ಲಿ ನಾಚಿಕೆಪಡಲು ಯಾರಿಗೂ ಪುರುಸೊತ್ತಿರಲಿಲ್ಲ.

ಹೆಸರು ಬರೆಸುವ ಮೇಜಿನಲ್ಲಿ ಕುಳಿತವನು ಸೌಡಮ್ಮನ ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ ತಾನೇ 'ಗೃಹಿಣಿ' ಎಂದು ಬರೆದುಕೊಂಡ. ಅವಳು ತಲೆ ಬಗ್ಗಿಸಿ ನೋಡಿ, "ಅದಲ್ಲೀಂಗ" ಎಂದಳು. "ನೆಸವು ಅಂತ ಬರೀರಿ." ನೆಸವು ಎಂದರೆ ನೇಯ್ಗೆ. ಅವನು ಹೊಡೆದು ಹಾಕಿ ಬರೆದ. ಅವನು ಬರೆದು ಮುಗಿಸುವವರೆಗೂ ಅವಳು ಬೆರಳನ್ನು ಆ ಜಾಗದಿಂದ ತೆಗೆಯಲಿಲ್ಲ.

ಮೊದಲು ನನ್ನ ಸರದಿ. ವೇದಿಕೆ ಹತ್ತಿ ತೀರ್ಪುಗಾರರ ಕಡೆ ನೋಡಿದೆ. ನಡುವೆ ಕುಳಿತವಳು ನನ್ನ ಹಳೆಯ ವಿದ್ಯಾರ್ಥಿನಿ ಪವಿತ್ರ. ಪ್ರಯೋಗದ ಫಲಿತಾಂಶವನ್ನು ಪಕ್ಕದವಳಿಂದ ನಕಲು ಮಾಡಿದ್ದಕ್ಕೆ ನಾನು ಇಡೀ ಗಂಟೆ ಹೊರಗೆ ನಿಲ್ಲಿಸಿದ್ದ ಹುಡುಗಿ. ಅವಳೂ ಗುರುತು ಹಿಡಿದಳು. ಒಂದು ಕ್ಷಣ ಎದ್ದು ನಿಲ್ಲಲು ಹೋಗಿ ಕುಳಿತಳು. ನಾನು ಐವತ್ತು ಕಿಲೋವನ್ನು ಎತ್ತಿ ನೇರವಾಗಿ ನಿಂತೆ. ಸಂತೋಷಕ್ಕೆ ಕೂಡಲೇ ಇಳಿಸಿಬಿಟ್ಟೆ. ಕೆಂಪು ದೀಪ ಹತ್ತಿತು. ಇಳಿಸಿ ಎಂದು ತೀರ್ಪುಗಾರರು ಹೇಳುವ ತನಕ ಹಿಡಿದಿರಬೇಕೆಂಬುದು ನಿಯಮ.

"ಮಿಸ್" ಎಂದಳು ಪವಿತ್ರ, ತುಂಬ ವಿನಯದಿಂದ. "ಹೇಳೋ ತನಕ ಕಾಯಬೇಕು ಮಿಸ್."

ಇಪ್ಪತ್ತಾರು ವರ್ಷದಲ್ಲಿ ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೋ! ಎರಡನೆಯ ಸಲ ಕಾದೆ. ಅವಳು ಬೇಕೆಂದೇ ಒಂದು ಉಸಿರು ಹೆಚ್ಚು ಕಾಯಿಸಿದಳೆಂದು ಮಾಸ್ಟರ್ ಹೇಳುತ್ತಾಳೆ. ಇರಬಹುದು, ಆದರೆ ಮೂರೂ ಬಿಳಿ ದೀಪ ಹತ್ತಿದವು. ಆ ಬೆಳಕಿನಲ್ಲಿ ನಿಂತಾಗ ಮುಂದಿನ ಸಾಲಿನಲ್ಲಿದ್ದ ನಮ್ಮ ಪಟ್ಟರೆಯ ಹನ್ನೆರಡು ಜನ ಹೆಂಗಸರು ಕಿರುಚಿದ್ದು ಹಿಂದಿನ ಬೀದಿಗೂ ಕೇಳಿರಬೇಕು. ಗಂಡಸರು ಕೂತಿದ್ದ ಕಡೆ ಮಾತ್ರ ನಮ್ಮವರು ಎದ್ದು ನಿಂತು, ಏನು ಮಾಡಬೇಕೆಂದು ತೋಚದೆ, ನನಗೆ ಕೈಮುಗಿದರು.

ಸೌಡಮ್ಮ ವೇದಿಕೆ ಹತ್ತುವ ಮುಂಚೆ ಹೊದ್ದಿದ್ದ ದುಪಟ್ಟಾವನ್ನು ತೆಗೆದು ನನ್ನ ಕೈಗಿತ್ತಳು. ಎಂಬತ್ತು ಸಲೀಸಾಗಿ ಬಂತು. ತೊಂಬತ್ತಕ್ಕೆ ಕತ್ತಿನ ನರ ಉಬ್ಬಿದವು, ಆದರೂ ಬಂತು. ಆಮೇಲೆ ನೂರು ಹಾಕಿಸಿದಳು. ಸರಳು ಮಂಡಿಯವರೆಗೆ ಬಂದು ನಿಂತಿತು. ಅಲ್ಲಿಂದ ಮುಂದೆ ಸರಿಯಲಿಲ್ಲ. ಇಡೀ ಮಂಟಪ ಅವಳ ಜೊತೆ ಉಸಿರು ಕಟ್ಟಿತ್ತು. ಅವಳು ಕೊನೆಗೆ ಅದನ್ನು ಮೆಲ್ಲನೆ ನೆಲಕ್ಕಿಟ್ಟು, ನೆಟ್ಟಗೆ ನಿಂತು, ಸುತ್ತ ನೋಡಿದಳು. ಯಾರಾದರೂ ನೋಡಿದರೋ ಎಂದಲ್ಲ. ನೋಡಿದವರೆಲ್ಲರನ್ನೂ ಒಬ್ಬೊಬ್ಬರಾಗಿ. ಬಾಗಿಲ ಬಳಿ ರಾಮಲಿಂಗಂ ನಿಂತಿದ್ದ, ಪಕ್ಕದ ಅಪರಿಚಿತನಿಗೆ ಏನನ್ನೋ ಹೇಳುತ್ತಿದ್ದ. "ನಮ್ಮನೆಯೋಳು" ಎಂಬ ಒಂದು ಮಾತು ಮಾತ್ರ ನನಗೆ ಕೇಳಿಸಿತು. ಕನ್ನಡ ಬಾರದ ಆ ತಿರುಪ್ಪೂರಿನವನು ಅರ್ಥವಾದಂತೆ ತಲೆಯಾಡಿಸಿದ.

ಮೊದಲ ಬಹುಮಾನ ಕಾಂಗೇಯಂನ ಎಣ್ಣೆ ಗಾಣದ ಹೆಂಗಸೊಬ್ಬಳಿಗೆ ಹೋಯಿತು. ಆ ಊರಿನ ಹೆಸರುವಾಸಿ ಎತ್ತುಗಳ ಹಾಗೆಯೇ ತಲೆ ಎತ್ತಿ ನಡೆಯುವವಳು, ಸಲ್ಲಬೇಕಾದ್ದೇ. ಸೌಡಮ್ಮನಿಗೆ ಎರಡನೆಯದು. "ನೂರು ಬರಲಿಲ್ಲವಲ್ಲ, ಬೇಜಾರಾ?" ಎಂದು ಕೇಳಿದೆ. "ಅದು ಎಲ್ಲಿಗೆ ಓಡಿ ಹೋಯ್ತದೆ ಅಕ್ಕ? ಕಬ್ಬಿಣ ತಾನೆ" ಎಂದಳು. ನನ್ನ ವಯಸ್ಸಿನವರ ಗುಂಪಿನಲ್ಲಿ ಏಳು ಜನರಿದ್ದೆವು.
ನಾನು ಆರನೆಯವಳು. ಏಳನೆಯವಳಿಗೆ ಜ್ವರವಿತ್ತು.

ಅಂದು ಮಂಟಪದಲ್ಲಿ ನಮ್ಮವರಿಗೂ ರಾಮಲಿಂಗನಿಗೂ ಸ್ನೇಹವಾಗಿಬಿಟ್ಟಿತ್ತು. ಹೆಂಡತಿಯರು ಒಳಗೆ ಸಿದ್ಧವಾಗುವಾಗ ಹೊರಗೆ ಚೀಲ ಕಾಯುವ ಗಂಡಸರ ನಡುವೆ ಒಂದು ಬಗೆಯ ಬಂಧುತ್ವ ಹುಟ್ಟುತ್ತದೆಂದು ಕಾಣುತ್ತದೆ. ವಾರ ಕಳೆದ ಮೇಲೆ ಒಂದು ಬೆಳಗ್ಗೆ ಇಬ್ಬರೂ ಸ್ನಾನ ಮಾಡಿ, ಕ್ರಾಪು ಬಾಚಿಕೊಂಡು ಪಟ್ಟರೆಯ ಬಾಗಿಲಿಗೆ ಬಂದರು. ಗಂಡಸರಿಗೂ ಒಂದು ಬ್ಯಾಚ್ ಶುರುಮಾಡಬಹುದಲ್ಲ, ಇಲ್ಲವೇ ಇದೇ ಹೊತ್ತಿಗೆ ಮೂಲೆಯಲ್ಲಿ ನಾವೂ ಸುಮ್ಮನೆ ನಾಲ್ಕು ಎತ್ತಿಕೊಂಡು ಹೋಗುತ್ತೇವೆ ಎಂದರು. ಮಾಸ್ಟರ್ ನಮ್ಮ ಕಡೆ ತಿರುಗಿ, ನೀವೇ ಹೇಳಿ ಎಂದಳು.

ನಾನು ಸಂಕೋಚದಿಂದ ಬಾಯಿ ತೆರೆಯುವುದರೊಳಗೆ ಸೌಡಮ್ಮ ಗಂಡನ ಎದುರಿಗೇ ಹೋಗಿ ನಿಂತಳು.

"ಬೇಡ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗೆ ಕೂತು ಟೀ ಕುಡಿಯೋಕೆ ಟೀಕಡೆ ಇದೆ, ಸಂಘ ಇದೆ, ಕೋವಿಲ್ ಕಟ್ಟೆ ಇದೆ. ಎಲ್ಲಾ ಕಡೆ ನೀವು ಇದ್ದೀರಿ. ನಮಗೆ ಇದು ಒಂದೇ. ಇದು ಇರಲಿ."

ರಾಮಲಿಂಗಂ ಬಾಗಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ. "ಶರಿ, ಇರಲಿ" ಎಂದ. ನಮ್ಮವರು ನನ್ನ ಕಡೆ ನೋಡಿದರು. ನಾನು ಭುಜ ಹಾರಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಸೌಡಮ್ಮ ಹೇಳಿದ್ದೇ ನನ್ನ ಮಾತು ಎನ್ನುವ ಹಾಗೆ ಸುಮ್ಮನೆ ನಿಂತೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಅವರಿಗೆ 'ಇಲ್ಲ' ಎಂದದ್ದು ಕಡಿಮೆ. ಕಾರಣ ಹೇಳದೆ ಹೇಳಿದ್ದಂತೂ ಅದೇ ಮೊದಲು.

ಅವರಿಬ್ಬರೂ ಈಗ ದಿನಾ ಬೆಳಗ್ಗೆ ಕೂಡಿ ನಡೆಯಲು ಹೋಗುತ್ತಾರೆ. ಮೊದಲ ದಿನ ನಮ್ಮವರು ಬೆವರಿಕೊಂಡು ಬಂದು ಸೋಫಾದಲ್ಲಿ ಕುಸಿದಾಗ, ಎಲ್ಲಿಯವರೆಗೆ ನಡೆದಿರಿ ಎಂದು ಕೇಳಿದೆ. ಟೀ ಅಂಗಡಿಯವರೆಗೆ ಎಂದರು.

ಮೊದಲ ದಿನಕ್ಕೆ ಅಷ್ಟು ಸಾಕು, ಮೂಚ್ಚು ವಿಡುಂಗ, ಉಸಿರು ಬಿಡಿ ಎಂದೆ.